ಕೆಮ್ಮು ಉಳಿಸಿಕೊಂಡ ಟೇಪು

ಮರುದಿನ ಬೆಳಗ್ಗೆ ಅಪ್ಪನ ಗಂಟಲಿಗೆ ಆಪರೇಷನ್. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಆ ದನಿಯನ್ನು ಇವತ್ತೇ ಹಿಡಿದಿಡಬೇಕು ಎಂಬುದೊಂದೇ ಮಗಳ ತಲೆಯಲ್ಲಿ.

ಪಕ್ಕದ ಬೀದಿಯ ಸ್ಟುಡಿಯೋದವನು ಎರಡು ಕ್ಯಾಮೆರಾ ತಂದು ಮೇಜಿನ ಮೇಲಿಟ್ಟ. "ಎರಡೂ ಎಚ್‌ಡಿ. ಇದು ಟೇಪಿಂದು, ಇದು ಕಾರ್ಡಿಂದು. ಒಂದು ಇಟ್ಕೊಳ್ಳಿ ಅಕ್ಕಾ, ಇನ್ನೊಂದು ನನಗೆ ಈಗ್ಲೇ ಕೆಲಸಕ್ಕೆ ಬೇಕು."

"ಕಾರ್ಡಿಂದೇ ಇರ್ಲಿ," ಎಂದ ತಮ್ಮ. "ಟೇಪು ಒಳಗೆ ಸಿಕ್ಕಿಹಾಕ್ಕೊಂಡ್ರೆ ಕಥೆ ಮುಗೀತು."

ಅವಳಿಗೂ ಸರಿ ಅನ್ನಿಸಿತು.

ಅಪ್ಪ ಮೂವತ್ತು ವರ್ಷ ಬಸ್ ಕಂಡಕ್ಟರಾಗಿದ್ದವರು. ಮೊಮ್ಮಗಳನ್ನು ಮಲಗಿಸಲು ಸ್ಟಾಪುಗಳ ಹೆಸರನ್ನೇ ಜೋಗುಳದಂತೆ ಹೇಳುತ್ತಿದ್ದರು. ಸ್ಟುಡಿಯೋದವನು ಕಾರ್ಡಿನ ಕ್ಯಾಮೆರಾ ಹೊಂದಿಸಿಕೊಟ್ಟ ಮೇಲೆ ಅದನ್ನೇ ಶುರುಮಾಡಿದರು. "ಗಡಿಯಾರದ ಕಂಬ... ಗಿರಣಿ ಗೇಟು..." ಮೂರನೆಯದಕ್ಕೆ ಕೆಮ್ಮು ಒತ್ತರಿಸಿಕೊಂಡು ಬಂತು.

ತಮ್ಮ ಎರಡು ಸಲ ಗುಂಡಿ ಒತ್ತಿದ. "ಅಳಿಸಿದೆ. ಮೊದಲಿಂದ ಹೇಳಿ ಅಪ್ಪಾ."

"ಅಳಿಸಿದ್ಯಾ?" ಎಂದಳು ಅವಳು.

"ಕೆಟ್ಟದ್ದು ಯಾಕೆ ಜಾಗ ತಿನ್ಬೇಕು?"

ಕಣ್ಣು ಮುಚ್ಚಿಕೊಂಡಿದ್ದಾಳೆ ಎಂದು ಅಮ್ಮನ ಹತ್ತು ಫೋಟೋಗಳಲ್ಲಿ ಒಂಬತ್ತನ್ನು ಅಳಿಸಿದವನೂ ಇವನೇ. ಅಪ್ಪ ಎದೆ ಹಿಡಿದು ಕೂತಿದ್ದರು. ಇನ್ನೊಂದು ಸಲಕ್ಕಿಂತ ಹೆಚ್ಚು ಹೇಳುವ ಶಕ್ತಿ ಅವರಲ್ಲಿರಲಿಲ್ಲ.

ಸ್ಟುಡಿಯೋದವನು ಟೇಪಿನ ಕ್ಯಾಮೆರಾ ಎತ್ತಿಕೊಂಡು ಬಾಗಿಲು ದಾಟುತ್ತಿದ್ದ.

"ಅದನ್ನ ಇಲ್ಲಿ ಕೊಡಪ್ಪಾ. ಕಾರ್ಡಿಂದು ನೀನೇ ತಗೊಂಡ್ಹೋಗು."

"ಇದ್ರಲ್ಲಿ ನಡುವಿನ ತುಂಡನ್ನ ಹಾಗೆಲ್ಲ ತೆಗೆಯೋಕಾಗಲ್ಲ ಅಕ್ಕಾ."

"ಅದಕ್ಕೇ ಬೇಕು."

ಕೆಂಪು ದೀಪ ಹತ್ತಿತು. ಗಡಿಯಾರದ ಕಂಬ, ಗಿರಣಿ ಗೇಟು, ಆಸ್ಪತ್ರೆ. ಅಲ್ಲಿ ಮತ್ತೆ ಕೆಮ್ಮು. ತಮ್ಮನ ಬೆರಳು ತಾನಾಗಿಯೇ ಗುಂಡಿಯತ್ತ ಹೋಯಿತು. ಅವಳು ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು. ಕೋಣೆಯಲ್ಲಿ ಕೆಮ್ಮು, ಅದು ನಿಂತ ಮೇಲೆ ಟೇಪು ತಿರುಗುವ ಸಣ್ಣ ಸದ್ದು, ಅಷ್ಟೇ. ಅಪ್ಪ ಬಾಯಿ ತೆರೆದರು, ದನಿ ಬರಲಿಲ್ಲ. ಒಂದು ಗುಟುಕು ನೀರು ಕುಡಿದರು.

"ಇಳಿಯೋರು ಇಳ್ಕೊಳ್ಳಿ," ಎಂದರು ಕೊನೆಗೆ. "ಮುದಿ ಇಂಜಿನ್ನು, ಸ್ವಲ್ಪ ಹೊಗೆ ಬಿಡುತ್ತೆ. ಪುಟ್ಟೀ, ನೀನು ಮಲ್ಕೋ. ಕೊನೇ ಸ್ಟಾಪಲ್ಲಿ ತಾತ ಎಬ್ಬಿಸ್ತೀನಿ."

ಉಳಿದ ಸ್ಟಾಪುಗಳೂ ಬಂದವು, ಒಂದೊಂದಾಗಿ.

ಅವಳು ಕ್ಯಾಸೆಟ್ ತೆಗೆದು, ಮತ್ತೊಂದು ಅದರ ಮೇಲೆ ದಾಖಲಾಗದಂತೆ ಅಂಚಿನ ಪುಟ್ಟ ಕೀಲನ್ನು ಸರಿಸಿದಳು. ಆಮೇಲೆಯೇ ಅದನ್ನು ಮತ್ತೆ ಕ್ಯಾಮೆರಾದೊಳಗಿಟ್ಟು, ಹಿಂದಕ್ಕೆ ಸುತ್ತಿ ಹಾಕಿದ್ದು. ಪರದೆ ಒಂದು ಕ್ಷಣ ಕಪ್ಪಾಗಿಯೇ ಇತ್ತು. ಗಡಿಯಾರದ ಕಂಬ, ಎಂದಿತು ಅಪ್ಪನ ದನಿ.

ತಮ್ಮ ಕೊನೆಯ ಸ್ಟಾಪಿನವರೆಗೂ ಕೇಳಿದ.

"ಅಕ್ಕಾ," ಎಂದ ಆಮೇಲೆ, "ಆ ಕೆಮ್ಮಿಂದ ಇನ್ನೊಂದ್ಸಲ ಹಾಕು."