ಇನ್ನೊಂದ್ಸಲ ಮುಚ್ಚಿ ತೆಗೀರಿ

ಪ್ರಕಾಶಣ್ಣನ ಕೊರಳಿಗೆ ಹಾರ ಬೀಳುವಾಗ ನಾನೂ ಚಪ್ಪಾಳೆ ತಟ್ಟಿದೆ. ಹಾರ ಬಿದ್ದದ್ದು ಮಾತ್ರ ನಾನು ಮಾಡಿದ ಕೆಲಸಕ್ಕೆ.

ಭಟ್ಕಳದಲ್ಲಿ ಅವನದ್ದು ಕಂಪ್ಯೂಟರ್ ರಿಪೇರಿ ಅಂಗಡಿ. ಅಲ್ಲಿ ದುಡಿಯುವವಳು ನಾನು, ಚಂದನಾ. ಎರಡು ಸಾವಿರದ ಎಂಟರ ಸುಮಾರಿಗೆ ದುಬೈಯಿಂದ ಬಂದ ಒಂದೇ ಜಾತಿಯ ಹಳೇ ಲ್ಯಾಪ್‌ಟಾಪ್‌ಗಳು ನಮ್ಮಲ್ಲಿ ರಾಶಿ ಬಿದ್ದಿದ್ದವು. ಪುಕ್ಕಟೆ ಸಿಗುವ ಲಿನಕ್ಸ್ ಸಾಫ್ಟ್‌ವೇರ್ ಹಾಕಿದರೆ ಎಲ್ಲ ಸರಿ, ಪರದೆ ಮಾತ್ರ ಕಪ್ಪು. ಪರದೆಗೆ ಕರೆಂಟ್ ಕೊಟ್ಟ ಮೇಲೆ ಚೂರು ತಡೆದು ಚಿತ್ರ ಕಳಿಸಬೇಕು. ಪರದೆ ನಡೆಸುವ ಪ್ರೋಗ್ರಾಂ, ಡ್ರೈವರ್ ಅನ್ನುತ್ತಾರಲ್ಲ, ಅದಕ್ಕೆ ಆ ತಾಳ್ಮೆಯೇ ಇರಲಿಲ್ಲ. ಇಡೀ ಮಳೆಗಾಲ ಅದರ ಬೆನ್ನು ಹತ್ತಿ ಸರಿಮಾಡಿ ಬರೆದವಳು ನಾನು. ಡ್ರೈವರ್ ನೋಡಿಕೊಳ್ಳುವ ಹೊರದೇಶದವರಿಗೆ ಅದನ್ನು ಕಳಿಸಿದವನು ಅವನು, ತನ್ನ ಹೆಸರು ಹಾಕಿಕೊಂಡು. ಕೇಳಿದ್ದಕ್ಕೆ, ಅಂಗಡಿ ನಂದಲ್ವೇನೇ, ಹೆಸರು ಯಾರದ್ದಾದ್ರೆ ಎಂತ ಅಂದ. ಅವರು ಅದನ್ನು ಸೇರಿಸಿಕೊಂಡರು, ಪೇಪರಿನಲ್ಲಿ ಅವನ ಫೋಟೋ ಬಂತು. ನಮ್ಮಪ್ಪನೇ ಅದನ್ನು ತಂದು ತೋರಿಸಿ, ನಿನ್ನ ಧಣಿ ಎಷ್ಟು ಹುಷಾರಿ ನೋಡು ಅಂದ. ಆವತ್ತೇ, ಈ ಪ್ರಕಾಶಣ್ಣನ ಮರ್ಯಾದೆ ನಾಲ್ಕು ಜನರ ಎದುರಿಗೇ ಹೋಗಬೇಕು ಅಂತ ಹಲ್ಲು ಕಚ್ಚಿ ಕೂತೆ.

ಅವನಿಗೆ ಗೊತ್ತಿಲ್ಲದ್ದು ಒಂದಿತ್ತು. ಪರದೆ ಆರಿಸಿದ ಮೇಲೂ, ಮತ್ತೆ ಕರೆಂಟ್ ಕೊಡುವ ಮೊದಲು ಚೂರು ತಡೆಯಬೇಕು, ಇಲ್ಲದಿದ್ದರೆ ಮುಚ್ಚಳ ಮುಚ್ಚಿದ ಕೂಡಲೇ ತೆಗೆದಾಗ ಮತ್ತೆ ಕಪ್ಪೇ. ನಾನು ಅದನ್ನು ಆಮೇಲೆ ಕಂಡುಕೊಂಡಿದ್ದೆ. ಹೇಳಲಿಲ್ಲ. ಯಾಕೆ ಹೇಳಲಿ?

ಸನ್ಮಾನ ಇದ್ದದ್ದು ಹೊನ್ನಾವರದಲ್ಲಿ. ಶಾಲೆಗಳಿಗೆ ಆ ಲ್ಯಾಪ್‌ಟಾಪ್ ಕೊಡುವ ಕಾರ್ಯಕ್ರಮವೂ ಅದೇ. ದೀಪ ಹಚ್ಚುವ ಬದಲು ಸಭೆಯ ಅಧ್ಯಕ್ಷರು ಲ್ಯಾಪ್‌ಟಾಪಿನ ಮುಚ್ಚಳ ತೆಗೆದು ಉದ್ಘಾಟಿಸುವುದು ಅಂತ ಆಗಿತ್ತು. ತೆಗೆದರು, ಪರದೆ ಬೆಳಗಿತು, ಸಭೆ ಚಪ್ಪಾಳೆ ತಟ್ಟಿತು. ನಮ್ಮ ಕಡೆ ಯಾವ ಉದ್ಘಾಟನೆಯೂ ಫೋಟೋದವನಿಗೆ ಒಂದೇ ಸಲಕ್ಕೆ ಮುಗಿಯುವುದಿಲ್ಲ, ಅದು ನನಗೆ ಗೊತ್ತೇ ಇತ್ತು. ಆದರೂ ಯಾಕೆ ಬಿಡಬೇಕು ಅಂತ ಫೋಟೋದ ಮಾದೇವನ ಹತ್ತಿರ ಹೋಗಿ, ಅಧ್ಯಕ್ಷರ ಕಣ್ಣು ಮುಚ್ಚಿತ್ತು ಮಾರಾಯ ಅಂದೆ.

"ಸಾರ್, ಇನ್ನೊಂದ್ಸಲ ಮುಚ್ಚಿ ತೆಗೀರಿ. ಬೇಗ ಬೇಗ" ಅಂದ ಮಾದೇವ.

ಅಧ್ಯಕ್ಷರು ಟಪ್ಪಂತ ಮುಚ್ಚಿ ತೆಗೆದರು. ಕಪ್ಪು. ಇನ್ನೊಮ್ಮೆ ಮುಚ್ಚಿ ತೆಗೆದರು. ಆಗಲೂ ಕಪ್ಪು. ಪ್ರಕಾಶಣ್ಣ ಸಿಕ್ಕಿದ ಬಟನ್ನೆಲ್ಲ ಒತ್ತಿದ. ಹಿಂದಿನ ಸಾಲಿನಲ್ಲಿ ಕಿಸಕ್ಕೆಂದರು. ತೊಂದರೆ ಎಂತದ್ದು ಅಂತ ಅಧ್ಯಕ್ಷರು ಮೈಕಿನಲ್ಲೇ ಕೇಳಿದರೆ ಇವನು ತಡಬಡಾಯಿಸಿ, ನನಗೆ ಕೈಸನ್ನೆ ಮಾಡಿ ಕರೆದ. ಹೋದೆ. ಸರಿ ಮಾಡಿಕೊಡೇ ಮಾರಾಯ್ತಿ, ನಿನ್ನ ಹೆಸರೂ ಸೇರಿಸುತ್ತೇನೆ ಅಂತ ಕಿವಿಯಲ್ಲಿ ಗೋಗರೆದ.

ನಾನು ಮೈಕ್ ಎಳೆದುಕೊಂಡೆ.

"ಸರಿ ಮಾಡಿ ಆತು. ಬೆಳಿಗ್ಗೆ ನನ್ನ ಹೆಸರಲ್ಲೇ ಡ್ರೈವರಿನವರಿಗೆ ಕಳಿಸಿಯೂ ಆತು. ಮೊದಲು ಇವರು ಕಳಿಸಿದ್ದೂ ನಾನು ಬರೆದದ್ದೇ. ಅದರಲ್ಲಿ ಎಂತ ಉಂಟು ಅಂತ ಇವರನ್ನೇ ಕೇಳಿ."

ಅಧ್ಯಕ್ಷರು ಕೇಳಿದರು. ಉತ್ತರದ ಬದಲು ಪ್ರಕಾಶಣ್ಣ ಮತ್ತೆ ಬಟನ್ ಒತ್ತತೊಡಗಿದ. ಪಾಪ ಅನ್ನಿಸಬೇಕಿತ್ತೋ ಏನೋ. ಅನ್ನಿಸಲಿಲ್ಲ.