ಮಗಳನ್ನು ಹೊರುವ ಬೆನ್ನು

ರಿಪೇರಿಯಣ್ಣ ತನ್ನ ಮಗಳನ್ನು ಮೊದಲ ಸಲ ಬೆನ್ನ ಮೇಲೆ ಹೊತ್ತಾಗ ಅವಳಿಗೆ ಹದಿನೇಳು ತುಂಬಿತ್ತು. ಹೊತ್ತುಕೊಂಡು ಬಹಳ ದೂರವೇನೂ ಹೋಗಲಿಲ್ಲ. ಮೊದಲ ಮಹಡಿಗೆ ಇನ್ನು ಒಂದೆರಡು ಮೆಟ್ಟಿಲು ಎನ್ನುವಾಗ ಅವನ ಮಂಡಿ ಗಾಳಿ ಹೋದ ಟ್ಯೂಬಿನಂತೆ ಮಡಚಿಕೊಂಡಿತು. ಒಂದು ಕೈಯಲ್ಲಿ ಕಂಬಿ ಹಿಡಿದಿದ್ದ ಪುಣ್ಯಕ್ಕೆ ಇಬ್ಬರೂ ಉರುಳಲಿಲ್ಲ. ಗೋಡೆಗೆ ಒರಗಿ, ಜಾರಿ, ಮೆಟ್ಟಿಲ ಮೇಲೆ ಕುಕ್ಕರಿಸಿದರು. ಮಗಳ ಮೊಣಕೈ ತರಚಿತು. ಅವಳ ಪುಸ್ತಕದ ಚೀಲ ಮಾತ್ರ ದಡದಡನೆ ಕೆಳಗಿನ ಬಾಗಿಲವರೆಗೂ ಹೋಗಿ ನಿಂತಿತು.

"ಅಪ್ಪ, ಪೆಟ್ಟಾಯ್ತಾ?"

ಅವನಿಗೆ ಉತ್ತರ ಕೊಡುವಷ್ಟು ಉಸಿರಿರಲಿಲ್ಲ. ಕೈಯಾಡಿಸಿ ಇಲ್ಲ ಎಂದ.

ಬೀದಿಯ ಮೂಲೆಯಲ್ಲಿ ಅವನದೊಂದು ಪುಟ್ಟ ಅಂಗಡಿ. ಕೆಟ್ಟ ಫ್ಯಾನು, ಇಸ್ತ್ರಿಪೆಟ್ಟಿಗೆ, ನೀರೆತ್ತುವ ಮೋಟಾರು ಎಲ್ಲ ಅವನ ಹತ್ತಿರ ಬರುತ್ತಿದ್ದವು. ಹಾಗಾಗಿ ಊರಿಗೆಲ್ಲ ಅವನು ರಿಪೇರಿಯಣ್ಣ. ಸ್ಕ್ರೂಡ್ರೈವರು, ತಾಮ್ರದ ತಂತಿ, ಬೆಸುಗೆ ಹಾಕುವ ಕಡ್ಡಿ ಎಲ್ಲವೂ ಕೈಗೆಟುಕುವಲ್ಲೇ. ಟೀ ಕೂಡ ಕೂತಲ್ಲಿಗೇ ಬರುತ್ತಿತ್ತು. ಇಪ್ಪತ್ತು ವರ್ಷಗಳಲ್ಲಿ ಹೊಟ್ಟೆ ಮುಂದೆ ಬಂದಿತ್ತು, ಬೆನ್ನು ಬಾಗಿತ್ತು, ಕಾಲು ಎನ್ನುವವು ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಎನ್ನುವಷ್ಟಕ್ಕೇ ಉಳಿದಿದ್ದವು.

ಮಗಳಿಗೆ ಎರಡು ವರ್ಷವಿದ್ದಾಗ ಬಂದ ಜ್ವರ ಅವಳ ಕಾಲುಗಳ ಶಕ್ತಿಯನ್ನು ತೆಗೆದುಕೊಂಡು ಹೋಗಿತ್ತು. ಮನೆ ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಅಂದಿನಿಂದ ಅವಳನ್ನು ಇಳಿಸುವುದು, ಏರಿಸುವುದು ತಾಯಿಯ ಕೆಲಸವಾಯಿತು. ಆಕೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ಒದ್ದೆ ಹೊದಿಕೆಗಳ ಗಂಟು ಎತ್ತಿ ಎತ್ತಿ ಹೆಗಲು ಅಗಲವಾಗಿತ್ತು. ಬೆಳಿಗ್ಗೆ ಬೆನ್ನು ಬಗ್ಗಿಸಿ ನಿಂತು, "ಹೆತ್ತವಳಿಗೆ ಹೆಗ್ಗಣ ಮುದ್ದಂತೆ. ಬಾ ಹೆಗ್ಗಣ, ಹೆಗಲಿಗೇರು" ಎನ್ನುತ್ತಿದ್ದಳು. ಮಗಳು ನಕ್ಕು ಕೊರಳು ತಬ್ಬಿಕೊಳ್ಳುತ್ತಿದ್ದಳು. ರಿಪೇರಿಯಣ್ಣ ಮನೆಯೊಳಗೆ ಓಡಾಡಲೆಂದು ಮಗಳಿಗೆ ಗಾಲಿ ಹಾಕಿದ ಮಣೆ ಮಾಡಿಕೊಟ್ಟಿದ್ದ. ಒಳ್ಳೆಯ ಮಣೆ, ಸದ್ದಿಲ್ಲದೆ ಓಡುತ್ತಿತ್ತು. ಅಲ್ಲಿಗೆ ತನ್ನ ಪಾಲಿನದು ಮುಗಿಯಿತು ಎಂದುಕೊಂಡಿದ್ದ.

ಹೋದ ವರ್ಷ ಒಂದು ಮಧ್ಯಾಹ್ನ ಆಕೆ ಕೆಲಸದ ನಡುವೆ ಬಟ್ಟೆಗಂಟಿಗೆ ಒರಗಿ ಕೂತವಳು ಮತ್ತೆ ಏಳಲಿಲ್ಲ. ಹೃದಯ ಬಹಳ ದಿನದಿಂದ ಸೋತಿತ್ತು ಎಂದರು ಡಾಕ್ಟರು. ಮನೆಯಲ್ಲಿ ಯಾರಿಗೂ ಅದರ ಸುಳಿವೇ ಇರಲಿಲ್ಲ ಎಂದು ಅವನು ಎಲ್ಲರಿಗೂ ಹೇಳಿದ. ಹಾಗೆಂದೇ ನಂಬಿದ್ದ ಕೂಡ.

ಆಮೇಲೆ ಕೆಳಗಿನ ಇಸ್ತ್ರಿ ಅಂಗಡಿಯ ಅಣ್ಣತಮ್ಮಂದಿರು ಹುಡುಗಿಯನ್ನು ಕುರ್ಚಿಯಲ್ಲಿ ಕೂರಿಸಿ ಕಾಲೇಜಿನ ಹೊತ್ತಿಗೆ ಇಳಿಸುತ್ತಿದ್ದರು, ಸಂಜೆ ಏರಿಸುತ್ತಿದ್ದರು. ಅವರು ಅಂಗಡಿಯನ್ನು ಊರಿನ ಇನ್ನೊಂದು ತುದಿಗೆ ಸಾಗಿಸಿದ ದಿನವೇ ಅಪ್ಪ ಮಗಳು ಹೀಗೆ ಮೆಟ್ಟಿಲ ಮೇಲೆ ಕೂತದ್ದು.

ಸದ್ದಿಗೆ ಮೊದಲ ಮಹಡಿಯ ಬಾಗಿಲು ತೆರೆಯಿತು. ಅಲ್ಲಿದ್ದವರು ಡ್ರಿಲ್ ಟೀಚರ್. ಹುಡುಗಿಯರ ಶಾಲೆಯಲ್ಲಿ ಮೂವತ್ತು ವರ್ಷ ಸೀಟಿ ಊದಿ ನಿವೃತ್ತರಾದವರು. ಕೊರಳಲ್ಲಿ ಈಗ ಸೀಟಿ ಇಲ್ಲದಿದ್ದರೂ ಯಾರನ್ನಾದರೂ ಗದರುವ ಮುಂಚೆ ಕೈ ಅಲ್ಲಿಗೇ ಹೋಗುತ್ತಿತ್ತು. ಅವರು ಬೀದಿಯಿಂದ ಇಬ್ಬರನ್ನು ಕರೆಸಿ ಹುಡುಗಿಯನ್ನು ಮೇಲೆ ಕಳಿಸಿದರು. ಅವನಿಗೊಂದು ಲೋಟ ನೀರು ಕೊಟ್ಟು ಕೇಳಿದರು.

"ಕೆಳಗಡೆ ಎಲ್ಲಾದ್ರೂ ಮನೆ ನೋಡಬಾರ್ದೇನ್ರೀ?"

"ಅವಳಿದ್ದ ಮನೆ, ಮೇಡಂ."

ಟೀಚರ್ ಏನೋ ಹೇಳಹೊರಟು ಬಾಯಿ ಮುಚ್ಚಿಕೊಂಡರು. ಆಮೇಲೆ, "ಹಾಗಾದ್ರೆ ಹೊರೋದು ಕಲೀರಿ. ನಾಳೆ ಬೆಳಿಗ್ಗೆ ತಾರಸಿಗೆ ಬನ್ನಿ" ಎಂದರು.

"ಈ ವಯಸ್ಸಲ್ಲಾ? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತಾ, ಮೇಡಂ?"

"ಮರ ಬಗ್ಗೋದು ಆಮೇಲೆ. ಮೊದಲು ಅಲುಗಾಡ್ಲಿ."

ಮರುದಿನ ತಾರಸಿಯಲ್ಲಿ ಒಂದು ಮರದ ಕುರ್ಚಿ ಮಾತ್ರ ಇತ್ತು. ಅವನು ಭಾರ ಎತ್ತುವುದು, ದಂಡ ಹೊಡೆಯುವುದು ಎಂದೆಲ್ಲ ಹೆದರಿಕೊಂಡು ಬಂದಿದ್ದ.

"ಕೂತ್ಕೊಳ್ಳಿ" ಎಂದರು ಟೀಚರ್. ಕೂತ. "ಏಳಿ. ಕೈ ಊರಬಾರ್ದು."

ಏಳಲಾಗಲಿಲ್ಲ. ಮುಂದಕ್ಕೆ ವಾಲಿದ, ಹಿಂದಕ್ಕೆ ಬಿದ್ದ. ಮತ್ತೆ ವಾಲಿದ. ತೊಡೆಗಳು ಗಡಗಡ ನಡುಗಿದವು. ಕೂರುವುದನ್ನೇ ಕಸುಬು ಮಾಡಿಕೊಂಡ ಮನುಷ್ಯನಿಗೆ ಏಳುವುದು ಮರೆತುಹೋಗಿತ್ತು. ಕೊನೆಗೆ ಟೀಚರ್ ಕುರ್ಚಿಯ ಮೇಲೆ ದಪ್ಪ ದಿಂಬು ಇಟ್ಟು ಎತ್ತರ ಮಾಡಿದ ಮೇಲೆ ಹೇಗೋ ಎದ್ದ. ಅಷ್ಟಕ್ಕೇ ಮಾರನೇ ದಿನ ಮೆಟ್ಟಿಲನ್ನು ಹಿಂದುಹಿಂದಾಗಿ ಇಳಿಯಬೇಕಾಯಿತು. ಅಂಗಡಿಯಲ್ಲಿ ಗಿರಾಕಿಯೊಬ್ಬ, "ಏನಣ್ಣ, ಸೊಂಟದ ಬೆಸುಗೆ ಬಿಟ್ಟಿತಾ?" ಎಂದು ಕೇಳಿದ. "ಬೇರಿಂಗೇ ಹೋಗಿದೆ" ಎಂದ ಇವನು.

ಒಂದು ವಾರಕ್ಕೇ ಸಾಕು ಅನ್ನಿಸಿತು. ಬಿಡದಂತೆ ಮಾಡಿದ್ದು ಮಗಳು. ಅವಳೇನೂ ಹೇಳಲಿಲ್ಲ. ಆ ದಿನಗಳಲ್ಲಿ ಅವಳನ್ನು ಇಳಿಸಲು ಪಕ್ಕದ ಗೋದಾಮಿನ ಕೂಲಿಗಳು ಬರುತ್ತಿದ್ದರು, ದಿನಕ್ಕೊಬ್ಬರು. ಕೆಟ್ಟವರಲ್ಲ. ಆದರೆ ಅಪರಿಚಿತ ಕೈಗಳು ಹತ್ತಿರ ಬಂದಾಗ ಹುಡುಗಿ ಬಟ್ಟೆಯನ್ನು ಕಾಲಿನ ಸುತ್ತ ಬಿಗಿಯಾಗಿ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಕೂರುತ್ತಿದ್ದಳು. ಒಂದು ಬೆಳಿಗ್ಗೆ ಅವನು ಬಾಗಿಲಲ್ಲಿ ನಿಂತು ಅದನ್ನು ನೋಡಿದ. ಮರುದಿನ ಟೀಚರ್‌ಗಿಂತ ಮುಂಚೆ ತಾರಸಿಯಲ್ಲಿದ್ದ.

ದಿಂಬು ಹೋಯಿತು. ಕುರ್ಚಿಯ ಜಾಗಕ್ಕೆ ಕುಳ್ಳು ಸ್ಟೂಲು ಬಂತು. ಬರಿಗೈಯಲ್ಲಿ ಮೆಟ್ಟಿಲು ಹತ್ತಿಳಿಯುವುದು ಶುರುವಾಯಿತು. ಆಮೇಲೆ ಮಗಳ ಹಳೇ ಶಾಲೆಚೀಲಕ್ಕೆ ಸುಟ್ಟ ಮೋಟಾರುಗಳನ್ನು ತುಂಬಿ ಬೆನ್ನಿಗೇರಿಸಿದರು. "ಮಂಡಿ ನೋಡ್ಕೊಳ್ಳಿ. ನೆಲ ನೋಡಬೇಡಿ, ಮುಂದೆ ನೋಡಿ. ಉಸಿರು ಬಿಡ್ರೀ, ಅದನ್ನೇನು ಕೂಡಿಡ್ತೀರಾ" ಎಂದು ಟೀಚರ್ ಮೇಲಿನಿಂದ ಕೂಗುತ್ತಿದ್ದರು, ಐದನೇ ಕ್ಲಾಸಿನ ಮಗುವಿಗೆ ಹೇಳುವ ಹಾಗೆ. ನಡುವೆ ಸೊಂಟ ಉಳುಕಿ ಹತ್ತು ಹದಿನೈದು ದಿನ ನಿಂತುಹೋಯಿತು. ಮತ್ತೆ ದಿಂಬಿನಿಂದಲೇ ಶುರುಮಾಡಬೇಕಾಗಿ ಬಂದಾಗ ಅವನಿಗೆ ಅಳು ಬಂದ ಹಾಗಾಗಿತ್ತು.

ಒಂದು ದಿನ ನಿಂತುಕೊಂಡೇ ಬಗ್ಗಿ ಚಪ್ಪಲಿಯ ಪಟ್ಟಿ ಹಾಕಿಕೊಂಡ. ಎಷ್ಟೋ ವರ್ಷದ ಮೇಲೆ. ತಟ್ಟನೆ ಒಳಗೆ ತಿರುಗಿ, "ನೋಡೇ ಇಲ್ಲಿ" ಎಂದ. ಅಡುಗೆಮನೆಯಿಂದ ಗಾಲಿಯ ಮಣೆ ಉರುಳಿಸಿಕೊಂಡು ಮಗಳು ಬಂದಳು. ಕರೆದದ್ದು ಮಗಳನ್ನಲ್ಲ ಎನ್ನುವುದು ಇಬ್ಬರಿಗೂ ಗೊತ್ತಾಯಿತು. "ಚೆನ್ನಾಗಿ ಬಗ್ತೀಯಪ್ಪ ಈಗ" ಎಂದಳು ಅವಳು.

ಬಿಸಿಲುಕಾಲದಲ್ಲಿ ಶುರುವಾದದ್ದು, ಚಳಿ ಬೀಳುವ ಹೊತ್ತಿಗೆ ಟೀಚರ್, "ನಾಳೆ ರಜಾ ಇದೆ. ಮಗಳನ್ನ ಹೊತ್ತು ನೋಡಿ. ನಾನು ಹಿಂದೆ ಬರಲ್ಲ, ನೀವೇ ಹೋಗಿ" ಎಂದರು.

ಮರುದಿನ ಕೂಲಿಗಳು ಇಳಿಸಿಹೋದ ಮೇಲೆ, ಕಾಲೇಜಿಗೆಂದು ಮೆಟ್ಟಿಲ ಬುಡದಲ್ಲಿ ಇಟ್ಟಿರುತ್ತಿದ್ದ ಗಾಲಿಕುರ್ಚಿಯಿಂದ ಮಗಳು ಅವನ ಕೊರಳಿಗೆ ಕೈ ಹಾಕಿದಳು. ಅವನು ಮಂಡಿಯನ್ನು ನೆಚ್ಚಿ, ಉಸಿರು ಬಿಟ್ಟು ಎದ್ದ. ಒಂದು ಕ್ಷಣ ನಿಂತು ನೋಡಿದ, ಮಂಡಿ ನಡುಗಲಿಲ್ಲ. ಮೊದಲ ಮಹಡಿ ದಾಟಿತು. ಟೀಚರ್ ಮನೆ ಬಾಗಿಲು ಮುಚ್ಚಿತ್ತು, ಒಳಗೆ ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದಾರೆಂದು ಅವನಿಗೆ ಖಾತ್ರಿಯಿತ್ತು. ಎರಡನೆಯದಕ್ಕೆ ಬಂದಾಗ ಬೆವರು ಕಣ್ಣಿಗಿಳಿಯುತ್ತಿತ್ತು, ಆದರೂ ಮೈಯಲ್ಲಿ ಇನ್ನೂ ಕಸುವಿತ್ತು. ಅವನಿಗೆ ಖುಷಿಯಾಗಿತ್ತು. ಮುಂದಿನ ಮೆಟ್ಟಿಲಿಗೆ ಕಾಲಿಟ್ಟ.

"ನಿಲ್ಲಪ್ಪ" ಎಂದಳು ಮಗಳು.

"ಯಾಕೆ? ನಂಗೇನೂ ಸುಸ್ತಾಗಿಲ್ಲ ಕಣೇ."

"ಸುಸ್ತಿಗಲ್ಲ. ಅಮ್ಮ ಇಲ್ಲಿ ನಿಲ್ತಿದ್ಲು."

ಅವನು ನಿಂತ. ಕಿಟಕಿಯ ಕಟ್ಟೆಗೆ ಅವಳನ್ನು ಒರಗಿಸಿಕೊಂಡ, ಬೆನ್ನಿನಿಂದ ಇಳಿಸಲಿಲ್ಲ.

"ಇದೇ ಗೋಡೆಗೆ ಹಣೆ ಇಟ್ಕೊಂಡು ನಿಲ್ತಿದ್ಲು. ಮೊದಮೊದಲು ಸ್ವಲ್ಪ ಹೊತ್ತು. ಕೊನೆಕೊನೆಗೆ ಬಹಳ ಹೊತ್ತು. ಬೆನ್ನ ಮೇಲೆ ಇದ್ರೆ ಗೊತ್ತಾಗತ್ತಪ್ಪ, ಎದೆ ಹೊಡ್ಕೊಳ್ಳೋದು. ನಿಂಗೆ ಹೇಳ್ತೀನಿ ಅಂದ್ರೆ ಬೇಡ ಅಂತಿದ್ಲು. ಪಾಪ, ಅವರು ದಿನವೆಲ್ಲ ಕೂತು ಬೆನ್ನು ನೋವು ಮಾಡ್ಕೊಂಡಿರ್ತಾರೆ, ಅವರಿಗ್ಯಾಕೆ ಚಿಂತೆ ಅಂತ."

ಅವನ ಕೊರಳ ಹಿಂಭಾಗ ಒದ್ದೆಯಾಗತೊಡಗಿತು. ಮೊದಲು ತನ್ನದೇ ಬೆವರು ಎಂದುಕೊಂಡ.

"ನನ್ನ ಭಾರಕ್ಕೇ ಹೋದ್ಲಪ್ಪ ಅವಳು" ಎಂದಳು ಮಗಳು. "ನಾನು ದೊಡ್ಡವಳಾದಷ್ಟೂ ಅವಳು ನಿಲ್ಲೋದು ಜಾಸ್ತಿಯಾಯ್ತು. ಊಟ ಕಡಿಮೆ ಮಾಡಿ ನೋಡಿದೆ. ಅದಕ್ಕೂ ಬೈದ್ಲು."

ಒಂದು ವರ್ಷದಿಂದ ಈ ಹುಡುಗಿ ಇದನ್ನು ಎದೆಯಲ್ಲಿಟ್ಟುಕೊಂಡು ತನ್ನೆದುರಿಗೇ ಗಾಲಿಯ ಮಣೆಯ ಮೇಲೆ ಓಡಾಡಿದ್ದಾಳೆ. ತಾನು ಬೆನ್ನು ಗಟ್ಟಿಮಾಡಿಕೊಳ್ಳುತ್ತಿದ್ದೇನೆಂದು ಹಿಗ್ಗುತ್ತಿದ್ದಾಗ ಅವಳು ಒಳಗೊಳಗೇ ಇದನ್ನು ಹೊತ್ತಿದ್ದಳು.

"ನಿನ್ನ ಭಾರ ಅಲ್ಲ ಪುಟ್ಟಿ" ಎಂದ. "ನಿಮ್ಮಮ್ಮ ನನ್ನ ಕೇಳಿದ್ಲು. ರೀ, ಕೆಳಗಡೆ ಮನೆಗೆ ಹೋಗೋಣ್ರೀ ಅಂತ. ಒಂದ್ಸಲ ಅಲ್ಲ. ಇಲ್ಲಿ ಗಾಳಿ ಬೆಳಕು ಚೆನ್ನಾಗಿದೆ, ಕೆಳಗೆ ಸೊಳ್ಳೆ, ನೋಡೋಣ ಬಿಡು ಅಂದೆ. ಯಾಕೆ ಕೇಳ್ತಿದ್ದೀಯ ಅಂತ ಒಂದು ಮಾತು ಕೇಳಲಿಲ್ಲ. ಒಂದೇ ಒಂದು ದಿನ ನಿನ್ನ ಹೊತ್ತಿದ್ರೂ ನಂಗೆ ಗೊತ್ತಾಗ್ತಿತ್ತು."

ಮಗಳು ಹೌದು ಎಂದೂ ಅನ್ನಲಿಲ್ಲ, ಹೋಗಲಿ ಬಿಡು ಎಂದೂ ಅನ್ನಲಿಲ್ಲ. ಕೊರಳು ತಬ್ಬಿದ್ದ ಕೈ ಮಾತ್ರ ಸಡಿಲವಾಗಲಿಲ್ಲ. ಉಳಿದ ಮೆಟ್ಟಿಲು ಅವನು ಹೇಗೆ ಹತ್ತಿದನೋ ಅವನಿಗೇ ಗೊತ್ತಿಲ್ಲ.

ಸಂಜೆ ಅವನು ಟೀಚರ್ ಮನೆ ಬಾಗಿಲು ತಟ್ಟಿದ.

"ನಿಮಗೂ ಗೊತ್ತಿತ್ತಾ, ಮೇಡಂ?"

ಅವರ ಕೈ ಕೊರಳಿಗೆ ಹೋಗಿ, ಅಲ್ಲಿ ಹಿಡಿದುಕೊಳ್ಳಲು ಏನೂ ಸಿಗದೆ ಇಳಿಯಿತು. "ಗೊತ್ತಿತ್ತು. ಇಲ್ಲೇ ನಿಂತು ನೀರು ಕುಡೀತಿದ್ರು. ಆಸ್ಪತ್ರೆಲೇ ಕೆಲಸ ಮಾಡ್ತೀಯಲ್ಲ, ಒಂದ್ಸಲ ತೋರಿಸ್ಕೊಳ್ಳಮ್ಮ ಅಂತ ಎಷ್ಟು ಹೇಳಿದೆ. ತೋರಿಸ್ಕೊಂಡ್ರೆ ಹೊರಬೇಡ ಅಂತಾರೆ ಟೀಚರ್, ಆಮೇಲೆ ಯಾರು ಹೊರ್ತಾರೆ ಅಂದ್ರು."



"ನಿಮಗೆ ಆಗಲೇ ಹೇಳಬೇಕಿತ್ತು ನಾನು" ಎಂದರು ಟೀಚರ್. "ಗಂಡ ಹೆಂಡತಿ ಮಧ್ಯೆ ನಾನ್ಯಾಕೆ ಅಂತ ಸುಮ್ಮನಾದೆ. ಅವರು ಹೋದ ಮೇಲೆ ಹೇಳಿ ಏನು ಪ್ರಯೋಜನ ಅಂತ ಮತ್ತೆ ಸುಮ್ಮನಾದೆ."

ಮಾರನೇ ದಿನವೇ ಅವನು ಮನೆ ಹುಡುಕಲು ಹೊರಟ. ಅಂಗಡಿಗೆ ಮಧ್ಯಾಹ್ನದವರೆಗೆ ಬಾಗಿಲು ಹಾಕಿ ಬೀದಿ ಬೀದಿ ತಿರುಗಿದ. ಅಷ್ಟು ನಡೆಯುವ ಶಕ್ತಿ ಕಾಲಿಗೆ ಬಂದಿರುವುದು ಆಗ ಅವನ ಗಮನಕ್ಕೂ ಬರಲಿಲ್ಲ. ಹುಡುಕಲು ವಾರವೂ ಹಿಡಿಯಲಿಲ್ಲ. ಎರಡು ಬೀದಿಯಾಚೆ, ನೆಲಮಟ್ಟದಲ್ಲಿ ಎರಡು ಕೋಣೆಯ ಮನೆ, ಮುಂದೆ ಒಂದು ಚಿಕ್ಕ ಅಂಗಳ. ಅಷ್ಟು ಹತ್ತಿರ, ಅಷ್ಟು ಸುಲಭವಾಗಿ ಸಿಕ್ಕಿಬಿಟ್ಟಿತು.

ಹೆಂಡತಿಯ ಬಟ್ಟೆಗಳನ್ನು ಮಗಳೇ ಮಡಿಸಿ ಕಟ್ಟಿದಳು. ಆಕೆಯ ಕೆಲಸದ ರಬ್ಬರು ಚಪ್ಪಲಿ ಇನ್ನೂ ಬಾಗಿಲ ಹಿಂದೆಯೇ ಇತ್ತು. "ಇದನ್ನ?" ಎಂದು ಕೇಳಿದಳು. "ತಗೊಂಡು ಹೋಗೋಣ" ಎಂದ. ಸಾಮಾನೆಲ್ಲ ಇಳಿದ ಮೇಲೆ ಕೊನೆಗೆ ಮಗಳನ್ನು ಬೆನ್ನಿಗೇರಿಸಿಕೊಂಡ. ಎರಡನೇ ಮಹಡಿಯಲ್ಲಿ ಇಬ್ಬರೂ ಹೇಳದೆ ಕೇಳದೆ ಸ್ವಲ್ಪ ಹೊತ್ತು ನಿಂತರು. ಡ್ರಿಲ್ ಟೀಚರ್ ತಮ್ಮ ಬಾಗಿಲಲ್ಲಿದ್ದರು. ಹುಡುಗಿಯ ಕೆನ್ನೆ ಮುಟ್ಟಿ, "ಇವರನ್ನ ಕೂರೋಕೆ ಬಿಡಬೇಡಮ್ಮ" ಎಂದು ಒಳಗೆ ಹೋಗಿಬಿಟ್ಟರು.

ಹೊಸ ಮನೆಯ ಬಾಗಿಲಿಗೆ ಗೇಣೆತ್ತರದ ಒಂದು ಮೆಟ್ಟಿಲಿತ್ತು. ರಿಪೇರಿಯಣ್ಣ ಸಿಮೆಂಟು ಕಲಸಿ ಅದನ್ನು ಇಳಿಜಾರು ಮಾಡಿದ. ಒಣಗಲು ಎರಡು ದಿನ ಬಿಟ್ಟ.

ಮೂರನೇ ದಿನ ಮಗಳು ಪುಸ್ತಕದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಗಾಲಿಕುರ್ಚಿಯನ್ನು ತಾನೇ ತಿರುಗಿಸಿ, "ಬರ್ತೀನಪ್ಪ" ಎಂದಳು. ಅವನು ಅಭ್ಯಾಸದಂತೆ ಎದ್ದ. "ಬೇಡ, ನೀನು ತಿಂಡಿ ತಿನ್ನು" ಎಂದಳು. ಕುರ್ಚಿ ಇಳಿಜಾರಿನಲ್ಲಿ ಇಳಿದು, ಅಂಗಳ ದಾಟಿ, ಬೀದಿಗೆ ಹೊರಳಿತು. ಯಾರೂ ಹೊರಲಿಲ್ಲ, ಯಾರೂ ಏದುಸಿರು ಬಿಡಲಿಲ್ಲ. ಹುಡುಗಿ ಬಟ್ಟೆಯನ್ನು ಕಾಲಿನ ಸುತ್ತ ಬಿಗಿದುಕೊಂಡಿರಲಿಲ್ಲ. ತಿರುವಿನಲ್ಲಿ ಮರೆಯಾಗುವವರೆಗೆ ಅವನು ನೋಡುತ್ತ ನಿಂತ. ಅರ್ಧ ಚೀಲ ಸಿಮೆಂಟು, ಒಂದು ಬೆಳಗಿನ ಕೆಲಸ. ಇಷ್ಟೇ ಇತ್ತು ಬೇಕಾಗಿದ್ದದ್ದು.

ಒಳಗೆ ಬಂದು ಇನ್ನೂ ಬಿಚ್ಚದ ಗಂಟುಗಳ ನಡುವೆ ಕೂತು ಅತ್ತ. ಹೆಂಡತಿ ಹೋದ ದಿನವೂ ಹಾಗೆ ಅತ್ತಿರಲಿಲ್ಲ. ಪಕ್ಕದ ಮನೆಯವರಿಗೆ ಕೇಳೀತೆಂಬ ಎಚ್ಚರವೂ ಇರಲಿಲ್ಲ. ಅಳು ತಾನಾಗಿ ನಿಂತ ಮೇಲೆ ಮುಖ ತೊಳೆದುಕೊಂಡು, ಗಂಟುಗಳಲ್ಲಿ ಒಂದನ್ನು ಬಿಚ್ಚಿ ರಬ್ಬರು ಚಪ್ಪಲಿಯನ್ನು ಹೊಸ ಬಾಗಿಲ ಹಿಂದೆ ಇಟ್ಟು, ಅಂಗಡಿಗೆ ನಡೆದ.

ಅಂಗಡಿಯ ಮುಂದೆ ಒಬ್ಬಾಕೆ ಇಸ್ತ್ರಿಪೆಟ್ಟಿಗೆ ಹಿಡಿದು ಕಾಯುತ್ತಿದ್ದಳು.

"ಏನಣ್ಣ, ಇಷ್ಟು ಹೊತ್ತಾಯ್ತು?"

"ಮನೆ ಬದಲಾಯಿಸಿದೆವಮ್ಮ."

"ಹೌದಾ? ಹೇಗಿದೆ ಹೊಸ ಮನೆ?"

"ಚೆನ್ನಾಗಿದೆ. ಮೆಟ್ಟಿಲಿಲ್ಲ" ಎಂದು ಹೇಳಿ, ಅವನು ಬೀಗ ತೆಗೆಯಲು ಬಗ್ಗಿದ.