ಮಗ ಬಂದ ಸದ್ದು

ಹದಿನೇಳು ದಿನಗಳಿಂದ ಡೀಸೆಲ್ ತನ್ನ ಸ್ವಂತ ಮನೆಯಲ್ಲೇ ನೆಂಟನಾಗಿ ಕೂತಿದ್ದ. ಇದು ಬರೀ ಮಾತಿಗೆ ಹೇಳಿದ್ದಲ್ಲ. ಹೆತ್ತ ತಾಯಿಯೇ ಅವನನ್ನು ಮುಂದಿನ ಕೋಣೆಯ ಗಟ್ಟಿ ಕುರ್ಚಿಯಲ್ಲಿ ಕೂರಿಸಿ, ಬಂದವರಿಗೆಂದು ಎತ್ತಿಟ್ಟ ಗಾಜಿನ ಲೋಟದಲ್ಲಿ ನೀರು ಕೊಟ್ಟು, “ಸುಧಾರಿಸ್ಕೊಳ್ಳಿ. ನನ್ನ ಮಗ ಬರೋ ಹೊತ್ತಾಯ್ತು” ಎನ್ನುತ್ತಿದ್ದಳು.

“ಅಮ್ಮಾ, ನಾನೇ ಕಣಮ್ಮಾ!”

“ಮುಖ ಅವನದೇ. ನಾನೇನು ಇಲ್ಲ ಅಂದ್ನಾ?” ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತು ಸೂಜಿಗೆ ದಾರ ಪೋಣಿಸುತ್ತಲೇ ಉತ್ತರ ಕೊಡುತ್ತಿದ್ದಳು. “ಆದ್ರೆ ಗಾಡಿ ಬಂದ ಸದ್ದಾಗ್ಲಿಲ್ವಲ್ಲ. ಗಾಡಿ ಬರದೆ ಮಗ ಹೇಗೆ ಬರ್ತಾನೆ? ನೀವೇ ಹೇಳಿ ನೋಡೋಣ.”

ಆ ‘ನೀವೇ’ ಇದೆಯಲ್ಲ, ಅದನ್ನು ಕೇಳಿದಾಗಲೆಲ್ಲ ಡೀಸೆಲ್ ನೀರಿನ ಲೋಟವನ್ನು ಬಾಯಿಗೆ ಒಯ್ಯದೆ ಕೆಳಗಿಡುತ್ತಿದ್ದ. ನಲವತ್ಮೂರು ವರ್ಷ ‘ಲೋ’, ‘ಕತ್ತೆ’, ‘ಮುಂಡೇದೆ’ ಎನ್ನಿಸಿಕೊಂಡು ಸುಖವಾಗಿ ಬೆಳೆದ ಮನುಷ್ಯ ಅವನು.

ಅಮ್ಮನಿಗೆ ಅರಳುಮರಳು ಎಂದು ನೀವು ತೀರ್ಮಾನ ಮಾಡಿದರೆ, ಕ್ಷಮಿಸಿ, ನಿಮಗೇ ಅರಳುಮರಳು. ಟೇಪು ಮುಟ್ಟದೆ ಕಣ್ಣಳತೆಯಲ್ಲೇ ಕಾಲರ್ ಕತ್ತರಿಸುವ ಹೆಂಗಸು ಅವಳು. ಎದುರುಮನೆಯವನ ಹೊಟ್ಟೆ ಈ ವರ್ಷ ಎಷ್ಟು ಇಂಚು ಮುಂದೆ ಬಂದಿದೆಯೆಂದು ಕಿಟಕಿಯಿಂದಲೇ ಹೇಳಬಲ್ಲಳು. ತಲೆ ಸರಿಯಾಗಿಯೇ ಇತ್ತು. ಹಟ ಮಾತ್ರ ತಲೆಗಿಂತ ಒಂದು ಸುತ್ತು ದೊಡ್ಡದಿತ್ತು.

ಆ ಹಟದ ಅಳತೆ ಗೊತ್ತಾಗಬೇಕಾದರೆ ಚಿಕ್ಕಮ್ಮನ ಕತೆ ಕೇಳಬೇಕು. ಚಿಕ್ಕಮ್ಮ ಎಂದರೆ ಅಮ್ಮನ ಒಡಹುಟ್ಟಿದ ತಂಗಿ, ಮೂರು ಬೀದಿ ಆಚೆಗೆ ಮನೆ. ಅಕ್ಕನನ್ನು ನೋಡಲು ಬರುವಾಗ ಬೀದಿ ತುದಿಯಿಂದಲೇ ಬೈಯುತ್ತ ಬರುವುದು ಅವಳ ಪದ್ಧತಿಯಾಗಿತ್ತು. ಅವರ ತಾಯಿ ಬಿಟ್ಟುಹೋದದ್ದು ಒಂದು ಪುಟ್ಟ ಕತ್ತರಿ, ಹಿತ್ತಾಳೆ ಹಿಡಿಯದ್ದು, ದಾರ ಕತ್ತರಿಸುವಂಥದ್ದು. ಅದು ದೊಡ್ಡವಳ ಪಾಲಿಗೆ ಬಂತು. ಚಿಕ್ಕವಳಿಗೂ ಅದರ ಮೇಲೆ ಕಣ್ಣಿತ್ತು. ಒಂದು ದಿನ ಅಕ್ಕತಂಗಿ ಇಬ್ಬರೂ ಡೀಸೆಲ್‌ನ ಪಿಕಪ್ಪಿನಲ್ಲಿ ಬಟ್ಟೆ ತರಲು ಹೋಗಿದ್ದರು. ಚಿಕ್ಕಮ್ಮ ಎಡಗಡೆ ಬಾಗಿಲ ಪಕ್ಕ, ಹೊಲಿಗೆ ಚೀಲ ಅವಳ ತೊಡೆಯ ಮೇಲೆ, ಕಿಟಕಿ ಗಾಜಿಗೆ ಒರಗಿಕೊಂಡು. ಮನೆಗೆ ಬಂದು ನೋಡಿದರೆ ಚೀಲದಲ್ಲಿ ಕತ್ತರಿ ಇಲ್ಲ. “ಕಳ್ಳಿ!” ಎಂದುಬಿಟ್ಟಳು ಅಮ್ಮ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಇಪ್ಪತ್ತೆರಡು ವರ್ಷದಿಂದ ಇಬ್ಬರಿಗೂ ಮಾತಿಲ್ಲ.

ಇನ್ನು ಪಿಕಪ್ಪಿನ ವಿಷಯ. ಊರಾಚೆ ಗುಡ್ಡದ ನೆತ್ತಿಯಲ್ಲಿ ಒಂದು ಫೋನ್ ಟವರ್ ಇದೆ. ಅದರ ಜನರೇಟರಿಗೆ ಡೀಸೆಲ್ ಸಾಗಿಸುವುದೇ ಇವನ ಕೆಲಸ, ಅಡ್ಡಹೆಸರೂ ಅದರಿಂದಲೇ. ಗುಡ್ಡಕ್ಕೆ ರಸ್ತೆಯೆಂಬುದಿಲ್ಲ, ಬಂಡೆ, ಕೊರಕಲು, ಮತ್ತೆ ಬಂಡೆ. ಗಾಡಿಗೆ ಮೂವತ್ತು ವರ್ಷ. ನಾಲ್ಕೂ ಚಕ್ರ ಎಳೆಯುವಂಥದ್ದು. ಎಡಗಡೆ ಗಾಜು ಏರಿಸುವ ಹಿಡಿ ಮುರಿದು ಬಹಳ ಕಾಲವಾಗಿತ್ತು, ಗಾಜನ್ನು ಮರದ ಚೂರು ಸಿಕ್ಕಿಸಿ ನಿಲ್ಲಿಸಿದ್ದ. ಸಂಜೆ ಬೀದಿ ತಿರುವಿನ ಗುಂಡಿಗೆ ಇಳಿದ ಕೂಡಲೇ ಗಾಡಿ ‘ಟಣ್... ಟಕಟಕ... ಟಣ್’ ಎನ್ನುತ್ತಿತ್ತು. ಆ ಸದ್ದು ಯಾವಾಗ ಶುರುವಾಯಿತು, ಎಲ್ಲಿಂದ ಬರುತ್ತದೆ, ಯಾರಿಗೂ ಗೊತ್ತಿಲ್ಲ. ಗ್ಯಾರೇಜಿನ ಮೇಸ್ತ್ರಿ ಗೇರ್ ಬಾಕ್ಸನ್ನು ಎರಡು ಸಲ ಬಿಚ್ಚಿ ಜೋಡಿಸಿ, ಕೊನೆಗೆ ಗಾಡಿಗೇ ಕೈಮುಗಿದಿದ್ದ. ಅಮ್ಮ ಮಾತ್ರ ಆ ಸದ್ದು ಕೇಳಿಯೇ ಒಲೆ ಹಚ್ಚುತ್ತಿದ್ದಳು. “ಇವತ್ತು ಸದ್ದು ದಪ್ಪ ಇದೆ, ಒಂದು ಕ್ಯಾನು ಹಾಗೇ ವಾಪಸ್ ತಂದಿದ್ದೀಯ” ಎನ್ನುತ್ತಿದ್ದಳು. ನೋಡಿದರೆ ಕ್ಯಾನು ಇರುತ್ತಿತ್ತು.

ಈ ಮಳೆಗಾಲದಲ್ಲಿ ಗುಡ್ಡದ ದಾರಿ ಕೊಚ್ಚಿಹೋಯಿತು. ಗಾಡಿಯ ಹೊಟ್ಟೆ ಬಂಡೆಗೆ ತಾಗಿ ಮೂರು ಸಲ ಸಿಕ್ಕಿಬಿತ್ತು. “ಎತ್ತರಿಸಿಬಿಡೋಣ” ಎಂದ ಮೇಸ್ತ್ರಿ, ಹತ್ತು ವರ್ಷದಿಂದ ಈ ದಿನಕ್ಕೇ ಕಾದಿದ್ದವನ ಹಾಗೆ. ಕಮಾನು ಪಟ್ಟಿಗಳ ಕಟ್ಟಿಗೆ ಇನ್ನೆರಡು ಪಟ್ಟಿ ಸೇರಿಸಿದ. ಸವೆದ ರಬ್ಬರ್ ಬುಷ್ಷುಗಳನ್ನು ಕಿತ್ತು ಹೊಸವನ್ನು ಬಡಿದ. ಎಣ್ಣೆ ಸೋರುತ್ತಿದ್ದ ಶಾಕ್ ಅಬ್ಸಾರ್ಬರುಗಳು ಹೋದವು, ದಪ್ಪ ಹಲ್ಲಿನ ಟಯರುಗಳು ಬಂದವು. ಎಂಜಿನ್ನಿನ ಕೆಳಗೆ ಉಕ್ಕಿನ ತಗಡು ಹಾಕಿ, ಹಳ್ಳ ದಾಟುವಾಗ ನೀರು ಕುಡಿಯದಿರಲೆಂದು ಅದರ ಗಾಳಿ ಕೊಳವೆಯನ್ನು ಚಾವಣಿಯವರೆಗೆ ಏರಿಸಿದ. ಆಮೇಲೆ ಬಾಗಿಲುಗಳ ಮೇಲೆ ಅವನ ಕಣ್ಣು ಬಿತ್ತು. “ಬಂಡೆ ಹತ್ತುವಾಗ ಚಕ್ರ ಎಲ್ಲಿ ಕೂತಿದೆ ಅಂತ ಬಗ್ಗಿ ನೋಡ್ಬೇಕು ಕಣಪ್ಪ. ಈ ತಗಡು ಯಾಕೆ ಅಡ್ಡ?” ಎಂದು ಎರಡೂ ಬಾಗಿಲು ಕಳಚಿ, ಅದೇ ಕೀಲುಗಳಿಗೆ ಪೈಪಿನ ಅರ್ಧಬಾಗಿಲು ತೂಗುಹಾಕಿದ.

ಅಬ್ಬಾ, ಏನು ಗಾಡಿ! ಗುಡ್ಡವನ್ನು ಮೇಕೆಯ ಹಾಗೆ ಹತ್ತಿ ಇಳಿಯಿತು. ಡೀಸೆಲ್ ಹಾಡು ಗುನುಗುತ್ತ ಮನೆಗೆ ಬಂದ. ಗುಂಡಿ ಇಳಿದರೂ ಗಾಡಿ ಉಸಿರೆತ್ತಲಿಲ್ಲ. ಒಳಗೆ ಕಾಲಿಟ್ಟರೆ ಅಮ್ಮ ತಲೆಯೆತ್ತಿ, “ಯಾರು ಬೇಕಿತ್ತು?” ಎಂದಳು.

ಮೊದಲೆರಡು ದಿನ ತಮಾಷೆ ಎಂದುಕೊಂಡ. ಮೂರನೆಯ ದಿನ ಅಡುಗೆಮನೆಗೆ ಇಣುಕಿದರೆ, ಮಗನ ತಟ್ಟೆ ಮುಚ್ಚಿಟ್ಟ ಹಾಗೇ ಇದೆ, ಪಕ್ಕದಲ್ಲಿ ಅವಳದೂ ಇದೆ. ಮಗ ಬರದೆ ಅವಳು ಸಂಜೆಯ ಊಟ ಮಾಡುವವಳಲ್ಲ, ಎಂದೂ ಮಾಡಿದವಳಲ್ಲ. ನೆಂಟನಿಗೆ ಮಾತ್ರ ಬಡಿಸಿ, “ಸಂಕೋಚ ಪಡ್ಬೇಡಿ” ಎಂದು ಉಪಚಾರ ಮಾಡಿ, ತಾನು ಒಂದು ಲೋಟ ಟೀ ಕುಡಿದು ಮಲಗುತ್ತಿದ್ದಳು. ಹದಿನೈದನೆಯ ದಿನದ ಹೊತ್ತಿಗೆ ತನ್ನ ರವಿಕೆಗೆ ತಾನೇ ಎರಡೂ ಕಡೆ ಒಂದೊಂದು ಇಂಚು ಒಳಹೊಲಿಗೆ ಹಾಕಿಕೊಂಡಿದ್ದಳು. ಅದನ್ನು ನೋಡಿ ಡೀಸೆಲ್‌ಗೆ ನಿಜವಾಗಿ ಭಯವಾಯಿತು.

ಇನ್ನೊಂದು ಕಷ್ಟ, ನೆಂಟನ ಮುಂದೆ ಅಮ್ಮ ಮನಸ್ಸು ಬಿಚ್ಚುತ್ತಿದ್ದಳು. “ನೀವು ಹೊರಗಿನವರು, ಅದಕ್ಕೇ ಹೇಳ್ತೀನಿ. ಆ ಗುಡ್ಡದ ಕೆಲಸ ಹಿಡಿದಾಗಿನಿಂದ, ಸದ್ದು ಕೇಳೋ ತನಕ ನಾನು ಹಾಕೋ ಹೊಲಿಗೆಯೆಲ್ಲ ಸೊಟ್ಟ. ಬೆಳಿಗ್ಗೆ ಎದ್ದು ಬಿಚ್ಚಿ ಮತ್ತೆ ಹಾಕ್ತೀನಿ. ಅವನಿಗೆ ಮಾತ್ರ ಹೇಳ್ಬೇಡಿ, ಕೊಬ್ಬು ಬರುತ್ತೆ.”

“ಹೇಳಲ್ಲ” ಎಂದ ಡೀಸೆಲ್.

ಮೇಸ್ತ್ರಿಗೆ ಸದ್ದು ವಾಪಸ್ ಬೇಕೆಂದು ಹೇಳಿದಾಗ ಅವನು ಸ್ಪ್ಯಾನರ್ ಕೆಳಗಿಟ್ಟು ಕೂತೇಬಿಟ್ಟ. “ಕೆಟ್ಟ ಗಾಡಿ ಕೊಡು, ರಿಪೇರಿ ಮಾಡ್ತೀನಿ. ಒಳ್ಳೆ ಗಾಡಿ ಕೆಡಿಸೋ ವಿದ್ಯೆ ನನಗ್ಯಾರೂ ಕಲಿಸಿಲ್ಲ ಕಣಪ್ಪ.” ಆದರೂ ಸ್ನೇಹಕ್ಕೆ ಕಟ್ಟುಬಿದ್ದು ಶುರುಮಾಡಿದ. ಹಳೇ ಬುಷ್ಷು ಹಾಕಿದರು. ಸಂಜೆ ಅಮ್ಮ ಕಿವಿಗೊಟ್ಟು, “ಯಾರ್ದೋ ಮಂಚ ಸಾಗಿಸ್ತಿದ್ದಾರೆ” ಎಂದಳು. ಹಳೇ ಶಾಕ್ ಅಬ್ಸಾರ್ಬರು ಹಾಕಿದರು. “ಯಾರೋ ಮುದುಕ ಕೆಮ್ಮಿಕೊಂಡು ಹೋದ, ಪಾಪ.” ಚಕ್ರದ ಮುಚ್ಚಳದಲ್ಲಿ ಕಲ್ಲು ತುಂಬಿದರು, ಗಾಡಿಯಡಿ ಸ್ಟೀಲ್ ಚಮಚ ನೇತುಹಾಕಿದರು. “ಪಾತ್ರೆ ಮಾರೋನು ಬಂದ. ನಮಗೇನೂ ಬೇಡ ಅನ್ನಿ.” ಕಡೆಗೆ ತಗಡಿನ ಡಬ್ಬಿಯಲ್ಲಿ ಬೋಲ್ಟು ಹಾಕಿ, ಎಷ್ಟು ಬೋಲ್ಟು, ಯಾವ ಅಳತೆ ಎಂದು ಮೂರು ದಿನ ತಲೆಕೆಡಿಸಿಕೊಂಡು ‘ಟಣ್... ಟಕಟಕ’ದವರೆಗೆ ತಂದರು. ಅಮ್ಮ ಎದ್ದೇ ನಿಂತಳು. ಅವಳು ಮತ್ತೆ ಕೂತಳು. “ನನ್ನ ಮಗನ ಗಾಡಿಯ ಹಾಗೆ ನಾಟಕ ಆಡ್ತಿದೆ ಯಾವುದೋ ಗಾಡಿ” ಎಂದಳು.

ಹದಿನೇಳನೆಯ ದಿನ ಸಂಜೆ ಡೀಸೆಲ್ ಮನೆಗೆ ಹೋಗಲು ಮನಸ್ಸಾಗದೆ ಗ್ಯಾರೇಜಿನ ಹಿತ್ತಲಲ್ಲಿ ಹಳೇ ಟಯರಿನ ಮೇಲೆ ಕೂತಿದ್ದ. ಮೇಸ್ತ್ರಿಯ ಹೆಂಡತಿ ಕೋಳಿಗಳನ್ನು ಅಟ್ಟಿ ಗೂಡಿಗೆ ಸೇರಿಸಿ, ಗೂಡಿನ ಬಾಗಿಲನ್ನು ದಬ್ಬಿದಳು.

ಟಣ್... ಟಕಟಕ... ಟಣ್.

ಡೀಸೆಲ್ ಹಾರಿ ನಿಂತ. “ಅತ್ತಿಗೇ! ಇನ್ನೊಂದ್ಸಲ!”

“ಏನು ಇನ್ನೊಂದ್ಸಲ? ಕೋಳಿ ಎಲ್ಲ ಒಳಗಾಯ್ತು.”

“ಬಾಗಿಲು! ಬಾಗಿಲು ಹಾಕಿ!”

ಅವಳು ಹಾಕಿದಳು. ಟಣ್! ಮೇಸ್ತ್ರಿಯೂ ಕೈಯ ಗ್ರೀಸು ಒರೆಸಿಕೊಳ್ಳದೆ ಓಡಿಬಂದ. ಕೋಳಿಗೂಡಿಗೆ ಅವನೇ ಸಿಕ್ಕಿಸಿದ್ದ ಬಾಗಿಲು ಅದು, ಪಿಕಪ್ಪಿನ ಎಡಬಾಗಿಲು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಆ ಕತೆ. ಕೋಳಿಗಳು ದಿಕ್ಕಾಪಾಲಾದವು, ಅತ್ತಿಗೆ ಇಬ್ಬರ ವಂಶವನ್ನೂ ಬೈದಳು, ಮೇಸ್ತ್ರಿ ಬಾಗಿಲನ್ನು ನೆಲಕ್ಕೆ ಹಾಕಿ ಒಳಗಡೆಯ ಹಲಗೆಯ ಸ್ಕ್ರೂ ಬಿಚ್ಚಿದ. ಡೀಸೆಲ್ ಒಳಗೆ ಕೈ ಹಾಕಿದ. ಕೈಗೆ ಬಂದದ್ದು ಬೆರಳುದ್ದದ ಒಂದು ಕತ್ತರಿ. ಅಲಗು ತುಕ್ಕು ಹಿಡಿದಿತ್ತು. ಹಿಡಿ ಹಿತ್ತಾಳೆಯದು.

ಗಾಜಿನ ಸಂದಿಯಿಂದ ಜಾರಿ ಬಿದ್ದು ಇಪ್ಪತ್ತೆರಡು ವರ್ಷದಿಂದ ಅಲ್ಲೇ ಕುಣಿಯುತ್ತಿತ್ತು. ಡೀಸೆಲ್ ಅದನ್ನು ಅಂಗೈಯಲ್ಲಿಟ್ಟುಕೊಂಡು ಮತ್ತೆ ಟಯರಿನ ಮೇಲೆ ಕೂತ. ಬಾಗಿಲೊಳಗೆ ವಾಪಸ್ ಹಾಕಿದರೆ ಮಗ ಮನೆಗೆ ಬಂದ ಹಾಗೆ. ಅಮ್ಮ ಊಟ ಮಾಡುತ್ತಾಳೆ, ಆದರೆ ಚಿಕ್ಕಮ್ಮ ಸಾಯುವವರೆಗೂ ಕಳ್ಳಿ. ಅಮ್ಮನ ಕೈಗೆ ಕೊಟ್ಟರೆ ಚಿಕ್ಕಮ್ಮನ ಮರ್ಯಾದೆ ಉಳಿಯುತ್ತದೆ, ಸದ್ದು ಸತ್ತುಹೋಗುತ್ತದೆ. ಆಮೇಲೆ ಬಾಗಿಲನ್ನು ಗಾಡಿಯ ಹಿಂದೆ ಹಾಕಿಕೊಂಡು ಚಿಕ್ಕಮ್ಮನ ಮನೆಗೆ ಹೋದ.

ಚಿಕ್ಕಮ್ಮ ಕತ್ತರಿಯನ್ನು ಮುಟ್ಟಲಿಲ್ಲ. ಮೇಜಿನ ಮೇಲೆ ಇಟ್ಟದ್ದನ್ನೇ ನೋಡುತ್ತ ನಿಂತಳು. ಕಣ್ಣಲ್ಲಿ ನೀರು ತುಂಬಿ ಬಂತು, ಸಿಟ್ಟೂ ಬಂತು. “ಇಪ್ಪತ್ತೆರಡು ವರ್ಷ ಕಣೋ. ನನ್ನ ಮಗಳ ಮದುವೆಗೂ ಬರ್ಲಿಲ್ಲ ಅವಳು.”

“ಗೊತ್ತು ಚಿಕ್ಕಮ್ಮ. ಇದನ್ನ ನೀವೇ ತಗೊಂಡೋಗಿ ಅವಳ ಮುಂದೆ ಇಡಿ. ನನ್ನನ್ನ ಜೀವನಪೂರ್ತಿ ನೀವು-ತಾವು ಅಂದ್ರೂ ಅನ್ನಲಿ, ಪರವಾಗಿಲ್ಲ.”

ಪರವಾಗಿಲ್ಲ ಎಂದಾಗ ಅವನ ದನಿ ಒಡೆಯಿತು. ನೆಂಟತನದ ಕತೆಯನ್ನೆಲ್ಲ ಅವನ ಬಾಯಿಂದ ಕೇಳಿದ ಮೇಲೆ ಚಿಕ್ಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. “ಊಟ ಬಿಟ್ಟಿದ್ದಾಳಾ? ಮುಟ್ಠಾಳಿ. ಕತ್ತರಿ ಎಲ್ಲಿತ್ತೋ ಅಲ್ಲೇ ಹಾಕು. ಬಾಗಿಲು ಸಿಕ್ಕಿಸು. ನಾನು ಅದರ ಪಕ್ಕಾನೇ ಕೂರ್ತೀನಿ, ಅವತ್ತು ಕೂತಿದ್ದ ಹಾಗೆ.”

ಎತ್ತರಿಸಿದ ಗಾಡಿಗೆ ಚಿಕ್ಕಮ್ಮನನ್ನು ಹತ್ತಿಸಲು ಒಂದು ಸ್ಟೂಲು, ಎರಡು ಇಟ್ಟಿಗೆ, ಪಕ್ಕದ ಮನೆಯ ಒಬ್ಬ ಗಟ್ಟಿ ಆಸಾಮಿ ಬೇಕಾಯಿತು. ಎಡಗಡೆ ತಗಡಿನ ಬಾಗಿಲು, ಬಲಗಡೆ ಪೈಪಿನ ಅರ್ಧಬಾಗಿಲು, ಒಂದು ಕಾಲಿಗೆ ಬೂಟು ಒಂದು ಕಾಲಿಗೆ ಚಪ್ಪಲಿ ಹಾಕಿದವರ ಹಾಗೆ ಗಾಡಿ ಹೊರಟಿತು. ಬೀದಿ ತಿರುವಿನ ಗುಂಡಿ ಬಂತು.

ಟಣ್... ಟಕಟಕ... ಟಣ್.

ಹೊಲಿಗೆ ಯಂತ್ರ ನಿಂತಿತು. ಅಮ್ಮ ಬಾಗಿಲಿಗೆ ಓಡಿಬಂದಳು, ಕತ್ತಿನಲ್ಲಿ ಟೇಪು ನೇತಾಡುತ್ತಿತ್ತು. “ಲೋ ಮುಂಡೇದೆ! ಹದಿನೇಳು ದಿನ ಎಲ್ಲಿ ಹಾಳಾಗಿ ಹೋಗಿದ್ಯೋ? ಹೆತ್ತವಳು ಇದ್ದಾಳೋ ಸತ್ತಿದ್ದಾಳೋ ಅನ್ನೋ ಗ್ಯಾನ ಇದ್ಯೇನೋ ಕತ್ತೆ?”

ಡೀಸೆಲ್ ಸ್ಟೀರಿಂಗ್ ಹಿಡಿದುಕೊಂಡೇ ಅತ್ತುಬಿಟ್ಟ. ಅಷ್ಟರಲ್ಲಿ ಅಮ್ಮನ ತಲೆ ಒಂದು ಕಡೆಗೆ ವಾಲಿತು. “ಸದ್ದು ದಪ್ಪ ಇದೆ. ಪಕ್ಕದಲ್ಲಿ ಯಾರದು?”

ಚಿಕ್ಕಮ್ಮ ಡೀಸೆಲ್‌ನ ಹೆಗಲು ಹಿಡಿದು ಇಳಿದಳು. ಸೆರಗು ಸರಿಮಾಡಿಕೊಂಡು, ಗೋಡೆಯ ಕಡೆ ನೋಡುತ್ತ ಹೇಳಿದಳು: “ನಿಮ್ಮ ಕತ್ತರಿ ಈ ಬಾಗಿಲೊಳಗಿದೆ. ನೋಡ್ಕೊಳ್ಳಿ.”

ಒಳಹಲಗೆ ಇಲ್ಲದ ಬಾಗಿಲೊಳಗೆ ಅಮ್ಮ ಮೊಣಕೈವರೆಗೆ ಕೈ ಇಳಿಬಿಟ್ಟಳು. ಹಿತ್ತಾಳೆಯ ಹಿಡಿ ಬೆರಳಿಗೆ ತಾಗಿದ್ದು ಅವಳ ಮುಖದಲ್ಲೇ ಗೊತ್ತಾಯಿತು. ನೋಡುವ ಅಗತ್ಯವೇ ಬೀಳಲಿಲ್ಲ ಅವಳಿಗೆ. ಹಾಗೇ ನಿಂತಳು, ಕೈ ಒಳಗೇ ಇತ್ತು. ಆಮೇಲೆ ಕತ್ತರಿಯನ್ನು ಅಲ್ಲೇ ಬಿಟ್ಟಳು. ಟಣ್ ಎಂದಿತು.

“ತಪ್ಪಾಯ್ತು” ಎಂದಳು, ಬಾಗಿಲಿಗೆ ಹೇಳಿದ ಹಾಗೆ. ಅಮ್ಮ ಕಣ್ಣೊರೆಸಿಕೊಂಡು ಮಗನ ಕಡೆ ತಿರುಗಿದಳು. “ಇವರು ಯಾರೋ? ಮುಖ ನನ್ನ ತಂಗೀದೇ. ಆದ್ರೆ ಅವಳು ಹೀಗೆ ನೀವು-ತಾವು ಅನ್ನೋಳಲ್ಲ. ಅವಳು ಬಂದ್ರೆ ಬೀದಿಗೆಲ್ಲ ಗೊತ್ತಾಗುತ್ತೆ.”

ಚಿಕ್ಕಮ್ಮ ಒಂದು ಸಲ ಉಸಿರೆಳೆದುಕೊಂಡಳು. ಆಮೇಲೆ ಶುರುವಾಯಿತು ನೋಡಿ. ಕತ್ತರಿಯಿಂದ ಹಿಡಿದು ಮಗಳ ಮದುವೆವರೆಗೆ, ಮದುವೆಯಿಂದ ಹಿಡಿದು ಚಿಕ್ಕಂದಿನಲ್ಲಿ ಕಿತ್ತುಕೊಂಡ ಬೊಂಬೆಯವರೆಗೆ ಇಪ್ಪತ್ತೆರಡು ವರ್ಷದ ಬೈಗುಳವನ್ನು ಒಂದೂ ಬಿಡದೆ ಬೈದಳು. ಎದುರುಮನೆ, ಪಕ್ಕದ ಮನೆ, ಮೂಲೆ ಮನೆಯ ಕಿಟಕಿಗಳೆಲ್ಲ ತೆರೆದುಕೊಂಡವು. ಅಮ್ಮ ತಲೆ ವಾಲಿಸಿ, ಕಣ್ಣು ಮುಚ್ಚಿ, ಕೊನೆಯ ಮಾತಿನವರೆಗೂ ಕೇಳಿಸಿಕೊಂಡಳು.

“ಹಾಂ, ಈಗ ಬಂದಳು” ಎಂದಳು. “ಬಾರೇ ಒಳಗೆ, ಊಟ ಆರಿಹೋಗುತ್ತೆ.”